‘ಸಭೆ’ ಎಂಬ ಶಬ್ದ

ನೆರೂಳಿನ ವಿದ್ಯಾರ್ಥಿಗಳಿಗೆ ಚರ್ಚ್‌ಗೇಟ್ ನಿಲ್ದಾಣದ ಹೆಸರು ಹೊಸದಲ್ಲ. ಮುಂಬಯಿಯ ಹಳೆಯ ಕೋಟೆಯ ಬಾಗಿಲುಗಳಲ್ಲೊಂದು, 1718ರಲ್ಲಿ ಆರಾಧನೆಗೆ ತೆರೆದ ಸಂತ ಥಾಮಸರ ಚರ್ಚಿನ ದಾರಿಗಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. 1860ರ ದಶಕದಲ್ಲಿ ಕೋಟೆಯನ್ನು ಕೆಡವಿದರು. ಬಾಗಿಲು ಹೋಯಿತು, ಹೆಸರು ಉಳಿಯಿತು. ಇಲ್ಲಿ ‘ಚರ್ಚು’ ಎಂದರೆ ಕಟ್ಟಡ. ಹಾಗಾದರೆ ಅದರೊಳಗೆ ಕೂಡಿ ಪ್ರಾರ್ಥಿಸುವ ಜನರನ್ನು ಕನ್ನಡದಲ್ಲಿ ಏನೆನ್ನಬೇಕು?

ಕನ್ನಡ ಕ್ರೈಸ್ತರು ಇದಕ್ಕೆ ಬಳಸುವ ಶಬ್ದ ‘ಸಭೆ’. ಕನ್ನಡ ಬೈಬಲ್ಲಿನಲ್ಲಿಯೂ ಇದೇ ಇದೆ. ಅಲ್ಲಿಯ ಮೂಲ ಗ್ರೀಕ್ ಶಬ್ದ ‘ಎಕ್ಲೇಸಿಯ’. ಪುರಾತನ ಅಥೆನ್ಸಿನಲ್ಲಿ ಪೌರರು ಒಟ್ಟುಗೂಡಿ ರಾಜ್ಯದ ವಿಷಯಗಳನ್ನು ತೀರ್ಮಾನಿಸುತ್ತಿದ್ದ ಕೂಟಕ್ಕೆ ಆ ಹೆಸರಿತ್ತು. ಅದೇ ಶಬ್ದವು ಲ್ಯಾಟಿನ್ನಿಗೆ ಹೋಗಿ, ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ, ಕೊಂಕಣಿಯ ಮೂಲಕ ನಮ್ಮ ಕರಾವಳಿಯಲ್ಲಿ ‘ಇಗರ್ಜಿ’ಯಾಯಿತು. ಜನರ ಕೂಟವನ್ನು ಸೂಚಿಸುತ್ತಿದ್ದ ಮಾತು ಹೀಗೆ ನಮ್ಮಲ್ಲಿ ಕಟ್ಟಡದ ಹೆಸರಾಗಿ ನಿಂತಿತು.

ಸಂಸ್ಕೃತದ ‘ಸಭಾ’ ಶಬ್ದದ ಪ್ರಯಾಣ ಬೇರೆ ಬಗೆಯದು. ಕೂಡುವ ಮಂದಿರ, ಕೂಡಿದ ಜನ – ಎರಡೂ ಅರ್ಥಗಳು ಅದಕ್ಕಿದ್ದವು. ಮಹಾಭಾರತದ ಸಭಾಪರ್ವದಲ್ಲಿ ಮಯನು ಪಾಂಡವರಿಗೆ ಕಟ್ಟಿಕೊಟ್ಟ ಸಭೆ ಮಂದಿರವೇ. ಇಂದಿನ ಕನ್ನಡದಲ್ಲಾದರೋ ಜನರೆಂಬ ಅರ್ಥವೇ ಮುಂದಾಗಿದೆ. ಮಂದಿರಕ್ಕೆ ‘ಸಭಾಭವನ’ ಎನ್ನುತ್ತೇವೆ.

ಇನ್ನು ಬಳಕೆಯನ್ನು ನೋಡೋಣ. ‘ಇಗರ್ಜಿಗೆ ಸುಣ್ಣ ಬಳಿದರು’, ‘ಸಭೆಯು ಎದ್ದುನಿಂತು ಹಾಡಿತು’ – ಇವು ಸರಿ. ಇಗರ್ಜಿಯೇ ಎದ್ದುನಿಂತು ಹಾಡಿತೆಂದರೆ ನಗೆಗೀಡಾಗುತ್ತೇವೆ! ‘ಸಭೆ’ ಸಮೂಹವಾಚಕವಾದುದರಿಂದ ಅದಕ್ಕೆ ಏಕವಚನದ ಕ್ರಿಯಾಪದ ಬರುತ್ತದೆ. ‘ಸಭೆಯವರು ಹಾಡಿದರು’ ಎಂಬಲ್ಲಿ ಬಹುವಚನ. ಪ್ರಾಟೆಸ್ಟೆಂಟರಲ್ಲಿ ಸಭೆಯನ್ನು ನೋಡಿಕೊಳ್ಳುವ ಗುರು ‘ಸಭಾಪಾಲಕ’. ಕಥೋಲಿಕರು ತಮ್ಮ ಸಮಸ್ತ ಸಮುದಾಯವನ್ನು ‘ಧರ್ಮಸಭೆ’ ಎನ್ನುತ್ತಾರೆ.

ಒಂದು ಸೂಕ್ಷ್ಮವನ್ನು ಮರೆಯಬಾರದು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದವರು ‘ಸಭಿಕರು’. ವಂದನಾರ್ಪಣೆಯಾದೊಡನೆ ಆ ಸಭೆ ಮುಗಿಯುತ್ತದೆ. ಮನೆಗೆ ಹೋದ ಮೇಲೆ ಅವರು ಸಭಿಕರಲ್ಲ. ಆದರೆ ‘ಸಭೆಯವರು’ ಪ್ರಾರ್ಥನೆ ಮುಗಿದು ಮನೆಗೆ ಹೋದರೂ ಸಭೆಯವರೇ. ಒಬ್ಬರು ಹಾಸಿಗೆ ಹಿಡಿದು ಬಾರದಿದ್ದರೂ ಅವರು ಸಭೆಗೆ ಸೇರಿದವರೇ. ಅವರನ್ನು ಕಂಡು ವಿಚಾರಿಸುವುದು ಉಳಿದವರ ಕರ್ತವ್ಯ.

ಊರು ಬಿಟ್ಟು ಬಂದವರು ಊರಿನ ಗುಡಿಯನ್ನಾಗಲಿ, ಇಗರ್ಜಿಯನ್ನಾಗಲಿ, ಶಾಲೆಯನ್ನಾಗಲಿ ಹೊತ್ತು ತರಲಾರರು. ಜನರು ಕೂಡಿದಲ್ಲಿ ಮಾತ್ರ ಸಭೆ ಮತ್ತೆ ಹುಟ್ಟುತ್ತದೆ. ಪರಭಾಷೆಯ ನಗರದಲ್ಲಿ ಕನ್ನಡ ಕಲಿಯುತ್ತಿರುವ ನಮಗೆ ಈ ಶಬ್ದದ ಅರ್ಥವನ್ನು ಬೇರೆ ವಿವರಿಸಬೇಕಾದುದಿಲ್ಲ.