ಊಟದ ತಟ್ಟೆ ಮತ್ತು ಶರೀರದ ಹಕ್ಕು

ಮದುವೆ ಮನೆಗಳಲ್ಲಿ ಒಂದು ದೃಶ್ಯವನ್ನು ನೀವೂ ಕಂಡಿರಬಹುದು. ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಒಳಗೆ ಬಂದು ಸಲಾಮ್ ಹೇಳುತ್ತಾಳೆ. ಸಲಾಮಿಗೆ ಉತ್ತರ ಬರುವ ಮೊದಲೇ ಹಿರಿಯ ಬಂಧುವೊಬ್ಬರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನು ಮಗಳೇ, ಇಷ್ಟು ದಪ್ಪ ಆಗಿಬಿಟ್ಟಿದ್ದೀ? ಇನ್ನು ನಿನಗೆ ಗಂಡು ಎಲ್ಲಿಂದ ತರುವುದು?" ಎನ್ನುತ್ತಾರೆ. ಪಕ್ಕದಲ್ಲಿರುವ ಇನ್ನೊಬ್ಬಳಿಗೆ, "ನೀನೇನು ಕಡ್ಡಿಯ ಹಾಗಾಗಿದ್ದೀ? ಉಮ್ಮ ಊಟ ಹಾಕುವುದಿಲ್ಲವಾ?" ಎಲ್ಲರೂ ನಗುತ್ತಾರೆ. ಹುಡುಗಿಯರೂ ನಗುತ್ತಾರೆ, ನಗದಿದ್ದರೆ ಅಹಂಕಾರಿ ಎಂಬ ಹೆಸರು ಬರುತ್ತದೆ. ಅರ್ಧ ಗಂಟೆಯ ಬಳಿಕ ನೋಡಿ, ಅದೇ ಹಿರಿಯರು ಅದೇ ಹುಡುಗಿಯ ತಟ್ಟೆಗೆ ಬೇಡವೆಂದರೂ ಮೂರನೆಯ ಬಾರಿ ಬಿರಿಯಾನಿ ಬಡಿಸುತ್ತಿರುತ್ತಾರೆ!

ನಾನು ಬಲ್ಲ ಒಂದು ಮನೆಯಲ್ಲಿ ಈ ನಗು ಅಲ್ಲಿಗೇ ಮುಗಿಯಲಿಲ್ಲ. ಹುಡುಗಿ ರಾತ್ರಿಯ ಊಟ ಬಿಟ್ಟಳು. ಬೆಳಗ್ಗೆ ಒಂದು ಲೋಟ ಚಹಾ, ಎರಡು ಬಿಸ್ಕತ್ತು. ಮಧ್ಯಾಹ್ನದ ಬುತ್ತಿ ಗೆಳತಿಯರ ಪಾಲು. ತೂಕ ಇಳಿಯಿತು, ನೋಡಿದವರೆಲ್ಲ ಹೊಗಳಿದರು, ಉಮ್ಮನಿಗೂ ಒಳಗೊಳಗೆ ಸಮಾಧಾನವಾಯಿತು. ಆ ವರ್ಷದ ರಮಝಾನಿನಲ್ಲಿ ತರಾವೀಹ್‌ಗೆ ನಿಂತಿದ್ದವಳು ಕಣ್ಣು ಕತ್ತಲೆ ಬಂದು ಕುಸಿದಳು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8 ಇತ್ತು. ಪ್ರಾಯಕ್ಕೆ ಬಂದ ಹೆಣ್ಣಿಗೆ ಅದು 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎಂದೇ ಲೆಕ್ಕ.

ಪ್ರಿಯ ಓದುಗರೇ, ಈ ಹುಡುಗಿ ಮಾಡಿದ್ದು ಉಪವಾಸವಲ್ಲ. ಉಪವಾಸ ಅಲ್ಲಾಹನಿಗಾಗಿ ಇರುವಂಥದ್ದು, ಅದಕ್ಕೆ ಸಹರಿಯಿದೆ, ಇಫ್ತಾರಿದೆ, ರೋಗಿಗೂ ಪ್ರಯಾಣಿಕನಿಗೂ ರಿಯಾಯಿತಿಯಿದೆ. ಇದು ಜನರ ಕಣ್ಣಿಗೆ ಹೆದರಿ ಮಾಡಿಕೊಂಡ ಹಸಿವು. ಅಲ್ಲಾಹನ ಆರಾಧನೆಗಾಗಿ ಶರೀರವನ್ನು ಅತಿಯಾಗಿ ದಂಡಿಸುವುದಕ್ಕೂ ನಮ್ಮ ಧರ್ಮದಲ್ಲಿ ಅನುಮತಿಯಿಲ್ಲವೆಂದ ಮೇಲೆ ಜನರ ಮೆಚ್ಚುಗೆಗಾಗಿ ದಂಡಿಸುವುದು ಹೇಗೆ ಸರಿಯಾದೀತು?

ಹ. ಸಲ್ಮಾನ್(ರ) ಮತ್ತು ಹ. ಅಬೂದರ್ದಾ(ರ)ರ ಘಟನೆ ನಿಮಗೆ ತಿಳಿದಿರಬಹುದು. ಪ್ರವಾದಿವರ್ಯರು(ಸ) ಅವರಿಬ್ಬರ ನಡುವೆ ಸಹೋದರತ್ವವನ್ನು ಏರ್ಪಡಿಸಿದ್ದರು. ಒಮ್ಮೆ ಸಲ್ಮಾನ್(ರ) ಸಹೋದರನ ಮನೆಗೆ ಹೋದಾಗ ಮನೆಯೊಡತಿ ಮಾಸಿದ ಉಡುಪಿನಲ್ಲಿದ್ದರು. ಕಾರಣ ಕೇಳಿದರೆ, ನಿಮ್ಮ ಸಹೋದರನಿಗೆ ಈ ಲೋಕದ ಯಾವುದರಲ್ಲೂ ಆಸಕ್ತಿ ಇಲ್ಲ ಎಂದರು. ಅಬೂದರ್ದಾ(ರ) ಅತಿಥಿಗೆ ಊಟ ಸಿದ್ಧಪಡಿಸಿ, ತನಗೆ ಉಪವಾಸ, ನೀವು ಉಣ್ಣಿರಿ ಎಂದರು. ನೀವು ಉಣ್ಣದೆ ನಾನೂ ಉಣ್ಣಲಾರೆನೆಂದು ಸಲ್ಮಾನ್(ರ) ಕುಳಿತುಬಿಟ್ಟರು. ಕೊನೆಗೆ ಇಬ್ಬರೂ ಉಂಡರು. ರಾತ್ರಿಯೂ ಹಾಗೆಯೇ, ಅಬೂದರ್ದಾ(ರ) ನಮಾಝಿಗೆಂದು ಏಳಹೊರಟಾಗ ಸಲ್ಮಾನ್(ರ) ಅವರನ್ನು ಮಲಗಿಸಿದರು, ರಾತ್ರಿಯ ಕೊನೆಯ ಭಾಗದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ಪ್ರಭುವಿಗೂ, ತನಗೂ, ತನ್ನ ಮನೆಯವರಿಗೂ ಸಲ್ಲಬೇಕಾದ ಹಕ್ಕುಗಳಿವೆ, ಪ್ರತಿಯೊಂದನ್ನೂ ಸಲ್ಲಿಸಬೇಕು ಎಂಬುದು ಸಲ್ಮಾನರ(ರ) ಮಾತಾಗಿತ್ತು. ವಿಷಯ ಪ್ರವಾದಿ(ಸ)ಯವರ ಬಳಿಗೆ ಹೋದಾಗ, ಸಲ್ಮಾನರು ಹೇಳಿದ್ದು ಸತ್ಯವೆಂದು ಅವರು ಒಪ್ಪಿದರು. ಬುಖಾರಿಯಲ್ಲಿ ವರದಿಯಾಗಿರುವ ಈ ಘಟನೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಸಲ್ಮಾನರ(ರ) ರೀತಿ. ಅವರು ಉಪದೇಶದಿಂದ ಆರಂಭಿಸಲಿಲ್ಲ, ಜೊತೆಗೆ ಕುಳಿತು ಉಣ್ಣುವುದರಿಂದ ಆರಂಭಿಸಿದರು.

ಹಾಗೆಂದು ಹೊಟ್ಟೆಬಾಕತನಕ್ಕೆ ಇಲ್ಲಿ ಪರವಾನಿಗೆ ಇದೆಯೆಂದು ಯಾರೂ ತಿಳಿಯಬಾರದು. ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತವನ್ನು ತೆರೆದು ನೋಡಿ. ಆರಾಧನೆಯ ವೇಳೆ ಉಡುಪಿನಿಂದ ಅಲಂಕೃತರಾಗುವ ಆದೇಶ ಮೊದಲು, ತಿನ್ನುವ ಕುಡಿಯುವ ಅನುಮತಿ ಅನಂತರ, ಮಿತಿಮೀರಬಾರದೆಂಬ ಎಚ್ಚರಿಕೆ ಕೊನೆಗೆ. ನೋಟ ಮತ್ತು ಊಟ ಎರಡೂ ಒಂದೇ ಸೂಕ್ತದಲ್ಲಿ ಬಂದಿವೆ. ಅಂದವಾಗಿರುವುದು ತಪ್ಪಲ್ಲ, ಉಣ್ಣುವುದೂ ತಪ್ಪಲ್ಲ, ಎರಡರಲ್ಲೂ ಮಿತಿ ಮೀರುವುದು ತಪ್ಪು. ಹೊಟ್ಟೆಯ ಮೂರನೇ ಒಂದು ಭಾಗ ಆಹಾರಕ್ಕೆ, ಒಂದು ಭಾಗ ನೀರಿಗೆ, ಒಂದು ಭಾಗ ಉಸಿರಾಟಕ್ಕೆ ಎಂಬ ಪ್ರವಾದಿ ವಚನ ತಿರ್ಮಿದಿಯಲ್ಲಿದೆ. ಅದನ್ನು ನಾವೆಲ್ಲರೂ ಬಾಲ್ಯದಲ್ಲೇ ಮದ್ರಸದಲ್ಲಿ ಕಲಿತಿದ್ದೇವೆ. ಆದರೆ ರಮಝಾನಿನ ಸಂಜೆ ನಮ್ಮ ಸುಪ್ರದ ಮೇಲೆ ಅದು ಕಾಣುವುದು ಅಪರೂಪ. ಸಮೋಸ, ಕಟ್ಲೆಟ್, ಬಜ್ಜಿ, ಸಕ್ಕರೆಯ ಶರಬತ್ತು, ಅದರ ಮೇಲೆ ಪತ್ತಿರ್ ಮತ್ತು ಮಾಂಸದ ಸಾರು. ಪ್ರವಾದಿ(ಸ)ಯವರು ನಮಾಝಿಗೆ ಮುನ್ನ ಕೆಲವು ಹಸಿ ಖರ್ಜೂರಗಳಿಂದ, ಇಲ್ಲವಾದರೆ ಒಣ ಖರ್ಜೂರದಿಂದ, ಅದೂ ಇಲ್ಲವಾದರೆ ಕೆಲವು ಗುಟುಕು ನೀರಿನಿಂದ ಉಪವಾಸ ತೊರೆಯುತ್ತಿದ್ದರೆಂದು ಹ. ಅನಸ್(ರ) ತಿಳಿಸುತ್ತಾರೆ.

ವೈದ್ಯ ವಿಜ್ಞಾನದ ಲೆಕ್ಕವನ್ನೂ ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಊಟದ ಪ್ರಮಾಣವಿದೆ. ಅಕ್ಕಿ, ಗೋಧಿ, ರಾಗಿಯಂಥ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆ ಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ಹಾಲು 300 ಮಿಲಿಲೀಟರ್, ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ ಸೇರಿ 27 ಗ್ರಾಂ. ಎಣ್ಣೆಯ ಲೆಕ್ಕ ದಿನಕ್ಕೆ ಎರಡು ದೊಡ್ಡ ಚಮಚದಷ್ಟಾಯಿತು. ತರಕಾರಿಯ ತೂಕ ಧಾನ್ಯದ ತೂಕಕ್ಕಿಂತ ಹೆಚ್ಚಿರುವುದನ್ನು ಗಮನಿಸಿ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ತಟ್ಟೆಯ ತುಂಬ ಅನ್ನ, ಅದರ ಮೇಲೆ ಸಾರು, ಅಂಚಿನಲ್ಲಿ ಎರಡು ಚೂರು ಸೌತೆಕಾಯಿ. ಸೌತೆಯನ್ನು ಹಸಿ ಖರ್ಜೂರದೊಂದಿಗೆ ಪ್ರವಾದಿ(ಸ) ತಿನ್ನುತ್ತಿದ್ದರೆಂಬುದು ಬುಖಾರಿಯಲ್ಲಿದೆ, ನಮ್ಮಲ್ಲಿ ಅದು ಅಲಂಕಾರದ ವಸ್ತು!

ಇದಕ್ಕಾಗಿ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಕುಚ್ಚಲಕ್ಕಿಯ ಗಂಜಿ ಮತ್ತು ಹೆಸರುಕಾಳಿನ ಪಲ್ಯ, ಹುರುಳಿ ಸಾರು, ಹಿತ್ತಿಲ ಬಸಳೆ, ಹರಿವೆ, ನುಗ್ಗೆಸೊಪ್ಪು, ಬೂತಾಯಿ ಬಂಗುಡೆಯ ಪುಳಿಮುಂಚಿ, ಬಯಲುಸೀಮೆಯವರಿಗೆ ರಾಗಿ ಮುದ್ದೆ, ಉತ್ತರದವರಿಗೆ ಜೋಳದ ರೊಟ್ಟಿ. ಇವೆಲ್ಲ ನಮ್ಮ ಹಿರಿಯರು ಉಂಡು ದುಡಿದ ಆಹಾರ. ಡಬ್ಬಿಯಲ್ಲಿ ಬರುವ ತೂಕ ಇಳಿಸುವ ಪುಡಿಗೆ ಸಾವಿರಾರು ರೂಪಾಯಿ ಕೊಡುವವರು ನುಗ್ಗೆಸೊಪ್ಪನ್ನು ಬಡವರ ಊಟವೆಂದು ಬದಿಗಿಡುವುದೇ ಸೋಜಿಗ.

ಇಲ್ಲಿ ಪುರುಷರಿಗೆ ಸ್ವಲ್ಪ ಕಹಿಯಾಗುವ ಒಂದು ಮಾತು ಹೇಳಲೇಬೇಕಾಗಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಮತ್ತು ಗಂಡುಮಕ್ಕಳು ಮೊದಲು ಉಣ್ಣುತ್ತಾರೆ, ಬಳಿಕ ಹೆಂಗಸರು. ಮೀನಿನ ನಡುತುಂಡು, ಕೋಳಿಯ ಕಾಲು ಮೊದಲ ಪಂಕ್ತಿಯಲ್ಲೇ ಮುಗಿಯುತ್ತದೆ. ಉಮ್ಮ ಮತ್ತು ಹೆಣ್ಣುಮಕ್ಕಳಿಗೆ ಉಳಿಯುವುದು ಸಾರು ಮತ್ತು ಅನ್ನ. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವರು, ಬಸಿರು ಬಾಣಂತನ ಹೊರುವವರು ಅವರು. ಕಬ್ಬಿಣಾಂಶ ಹೆಚ್ಚು ಬೇಕಾದದ್ದು ಅವರಿಗೆ, ಸಿಗುವುದು ಇತರರಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 100ಕ್ಕೆ 57 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಊಟದ ಬೆನ್ನಿಗೇ ಚಹಾ ಕುಡಿಯುವ ನಮ್ಮ ಅಭ್ಯಾಸವೂ ಇದಕ್ಕೆ ಸೇರುತ್ತದೆ, ಚಹಾ ಆಹಾರದಲ್ಲಿರುವ ಕಬ್ಬಿಣಾಂಶವನ್ನು ಶರೀರ ಹೀರಿಕೊಳ್ಳದಂತೆ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆ ಅದಕ್ಕೆ ನೆರವಾಗುತ್ತದೆ.

ತೂಕ ಹೆಚ್ಚಿರುವುದು ಚಿಂತೆಯ ವಿಷಯವೇ ಅಲ್ಲವೇ ಎಂದು ಕೇಳಬಹುದು. ಖಂಡಿತ ಹೌದು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ತಿಳಿಸಿತು. ನಮ್ಮ ದೇಶದವರಲ್ಲಿ ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕೆಂದು ವೈದ್ಯರು ಹೇಳುತ್ತಾರೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಯಜಮಾನರನ್ನು ಮದುವೆ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ, ಅಪಾಯ ಅಲ್ಲಿಯೇ ಹೆಚ್ಚಿದ್ದರೂ! ರೋಗದ ಭಯದಿಂದ ಊಟ ತಿದ್ದಿಕೊಳ್ಳುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು ಶರೀರದ ಹಕ್ಕನ್ನು ಸಲ್ಲಿಸಿದಂತೆ. ಅವಮಾನದ ಭಯದಿಂದ ಊಟ ಬಿಡುವುದು ಬೇರೆಯೇ ಸಂಗತಿ. ಎರಡಕ್ಕೂ ಹೊರಗಿನಿಂದ ಒಂದೇ ರೂಪವಿರಬಹುದು, ಆದರೆ ಮೊದಲನೆಯವನು ಹಸಿವಾದಾಗ ಉಣ್ಣುತ್ತಾನೆ, ಎರಡನೆಯವಳು ಹಸಿವಾದಾಗ ಅಳುತ್ತಾಳೆ.

ಅವಮಾನದ ಮಾತಿಗೆ ಇಸ್ಲಾಮ್ ಎಷ್ಟು ಗಂಭೀರವಾದ ಸ್ಥಾನ ಕೊಟ್ಟಿದೆಯೆಂಬುದನ್ನು ನಾವು ಮರೆತಿದ್ದೇವೆ. ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತವು ಪರಿಹಾಸ್ಯವನ್ನು ನಿಷೇಧಿಸುವಾಗ ಪುರುಷರನ್ನು ಹೇಳಿ ಸುಮ್ಮನಾಗಲಿಲ್ಲ, ಸ್ತ್ರೀಯರು ಸ್ತ್ರೀಯರನ್ನು ಗೇಲಿ ಮಾಡಬಾರದೆಂದು ಪ್ರತ್ಯೇಕವಾಗಿ ಹೇಳಿತು, ಅಡ್ಡಹೆಸರಿಟ್ಟು ಕರೆಯುವುದನ್ನೂ ತಡೆಯಿತು. ಒಮ್ಮೆ ಹ. ಆಯಿಶಾ(ರ) ಅವರು ಹ. ಸಫಿಯ್ಯಾ(ರ) ಅವರ ಕುಳ್ಳುತನದ ಕಡೆಗೆ ಸೂಚಿಸಿದಾಗ, ಸಮುದ್ರಕ್ಕೆ ಬೆರೆಸಿದರೆ ಸಮುದ್ರದ ನೀರೇ ಕೆಟ್ಟುಹೋಗುವಂಥ ಮಾತು ಅದೆಂದು ಪ್ರವಾದಿ(ಸ) ಎಚ್ಚರಿಸಿದರು. ಹೇಳಿದ್ದು ಸುಳ್ಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. 'ಇದ್ದದ್ದನ್ನೇ ಹೇಳಿದೆ' ಎಂಬ ನಮ್ಮ ನಿತ್ಯದ ಸಮರ್ಥನೆಗೆ ಇಲ್ಲಿ ಜಾಗವೇ ಇಲ್ಲ. ಹ. ಇಬ್ನು ಮಸ್‌ಊದ್(ರ) ಮಿಸ್ವಾಕಿನ ಕಡ್ಡಿಗಾಗಿ ಮರವೇರಿದ್ದಾಗ ಗಾಳಿಗೆ ಬಟ್ಟೆ ಸರಿದು ಅವರ ತೆಳು ಕಾಲುಗಳನ್ನು ಕಂಡು ಸಂಗಾತಿಗಳು ನಕ್ಕರು. ಆ ಕಾಲುಗಳು ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿ(ಸ) ಹೇಳಿದರು.

ದಪ್ಪ ಶರೀರದವರ ವಿಷಯದಲ್ಲಿ ಪ್ರವಾದಿ(ಸ)ಯವರ ವರ್ತನೆ ಹೇಗಿತ್ತು? ಅವರ ಪತ್ನಿ ಹ. ಸೌದಾ(ರ) ಭಾರವಾದ ಮೈಕಟ್ಟಿನವರು, ನಿಧಾನವಾಗಿ ನಡೆಯುವವರು. ಹಜ್ಜ್ ಸಂದರ್ಭದಲ್ಲಿ ಮುಝ್ದಲಿಫಾದ ರಾತ್ರಿ, ಜನಸಂದಣಿ ಹೊರಡುವ ಮೊದಲೇ ಮಿನಾಕ್ಕೆ ಹೋಗಲು ಅವರು ಅನುಮತಿ ಕೇಳಿದರು. ಪ್ರವಾದಿ(ಸ) ಅನುಮತಿ ಕೊಟ್ಟರು. ಉಳಿದವರು ಬೆಳಗಾಗುವವರೆಗೆ ಅಲ್ಲಿದ್ದು ಸಂದಣಿಯೊಂದಿಗೆ ಹೊರಟರು. ತಾನೂ ಸೌದಾರಂತೆ ಅನುಮತಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಯಿಶಾ(ರ) ಬಳಿಕ ನೆನೆದುಕೊಳ್ಳುತ್ತಿದ್ದರು. ಒಬ್ಬ ಮಹಿಳೆಯ ಶರೀರಕ್ಕೆ ಏನು ಬೇಕೋ ಅದನ್ನು ಹಜ್ಜ್‌ನಂಥ ಮಹಾ ಆರಾಧನೆಯ ನಡುವೆಯೂ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಆಕೆ ಏಕೆ ಹಾಗಿದ್ದಾರೆಂಬ ವಿಚಾರಣೆ ನಡೆಯಲಿಲ್ಲ. ನಮ್ಮಲ್ಲಿ ಅಂಥ ಸೊಸೆಯೊಬ್ಬಳು ಪ್ರವಾಸದಲ್ಲಿ ಹಿಂದೆ ಉಳಿದರೆ ನಾವೇನು ಮಾತಾಡುತ್ತೇವೆ?

ಆಯಿಶಾ(ರ)ರದ್ದೇ ಇನ್ನೊಂದು ಘಟನೆ ಅಬೂದಾವೂದಿನಲ್ಲಿದೆ. ಪ್ರಯಾಣದಲ್ಲೊಮ್ಮೆ ಪ್ರವಾದಿ(ಸ)ಯವರೊಂದಿಗೆ ಓಟದ ಪಂದ್ಯ ಕಟ್ಟಿ ಅವರು ಗೆದ್ದರು. ಕಾಲ ಕಳೆದು ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದು, ಆ ಸೋಲಿಗೆ ಇದು ಸಮವಾಯಿತೆಂದರು. ಶರೀರ ಬದಲಾಗಿದ್ದನ್ನು ಆಯಿಶಾ(ರ) ಸ್ವತಃ ನಿರಾಳವಾಗಿ ಹೇಳಿಕೊಂಡಿದ್ದಾರೆ, ಮೈ ತುಂಬಿತೆಂದು ಪತಿಯೊಂದಿಗಿನ ಆಟ ನಿಲ್ಲಲಿಲ್ಲ. ಎರಡು ಹೆರಿಗೆಯ ಬಳಿಕ ಹೆಂಡತಿಗೆ ಮದುವೆಯ ಫೋಟೊ ತೋರಿಸಿ ಚುಚ್ಚುವ ಗಂಡಂದಿರು ಇದನ್ನು ಎರಡು ಬಾರಿ ಓದಿಕೊಳ್ಳಲಿ.

ಬಣ್ಣದ ಮೋಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಡುಗಿ ನೋಡಲು ಬರುವವರಿಗೆ ಹೆದರಿ ಹಚ್ಚುವ ಬಿಳುಪಿನ ಕ್ರೀಮುಗಳಲ್ಲಿ ಕೆಲವಕ್ಕೆ ಪಾದರಸ ಸೇರಿಸಲಾಗುತ್ತದೆ, ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ರೋಗಿಗಳು 2023ರಲ್ಲಿ ಪತ್ತೆಯಾದರು.

ನಿಮ್ಮ ಮಗಳು ಊಟದ ಹೊತ್ತಿಗೆ ನೆಪ ಹೇಳುತ್ತಿದ್ದರೆ, ದಿನಕ್ಕೆ ನಾಲ್ಕು ಬಾರಿ ತೂಕ ನೋಡುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಮುಟ್ಟು ನಿಂತಿದ್ದರೆ ಗದರಬೇಡಿ, ಹೊಗಳಲೂ ಬೇಡಿ. ವೈದ್ಯರಿಗೆ ತೋರಿಸಿ. ಇದು ಹಟವಲ್ಲ, ಕಾಯಿಲೆಯಿರಬಹುದು. ಕಸರತ್ತಿನ ಹುಚ್ಚಿನಲ್ಲಿ ಗುರುತಿಲ್ಲದ ಪುಡಿ ಸೂಜಿಗಳಿಗೆ ಕೈಹಾಕುವ ಗಂಡುಮಕ್ಕಳ ಮೇಲೂ ಒಂದು ಕಣ್ಣಿರಲಿ.

ಆರಂಭದಲ್ಲಿ ಹೇಳಿದ ಹುಡುಗಿಗೆ ವೈದ್ಯರು ಕಬ್ಬಿಣದ ಮಾತ್ರೆ ಕೊಟ್ಟರು, ಚಹಾದ ಜೊತೆ ನುಂಗಬಾರದು ಎಂದರು. ಬಳಿಕ ಉಮ್ಮನ ಕಡೆ ತಿರುಗಿ, "ನೀವು ರಾತ್ರಿ ಎಷ್ಟು ಗಂಟೆಗೆ ಉಣ್ಣುತ್ತೀರಿ?" ಎಂದು ಕೇಳಿದರಂತೆ. ಎಲ್ಲರದ್ದೂ ಮುಗಿದ ಮೇಲೆ, ಹನ್ನೊಂದಾಗುತ್ತದೆ, ಕೆಲವೊಮ್ಮೆ ಬರೀ ಚಹಾ ಎಂದು ಉತ್ತರ ಬಂತು. ವೈದ್ಯರು ಉಮ್ಮನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಅವರದ್ದು 9 ಇತ್ತು. ಈಗ ಆ ಮನೆಯಲ್ಲಿ ಇಶಾ ನಮಾಝಿನ ಬಳಿಕ ಒಂದೇ ಸುಪ್ರ ಹಾಸುತ್ತಾರೆ, ಬಂಗುಡೆಯನ್ನು ಮನೆಯ ತಲೆ ಎಣಿಸಿ ಹುರಿಯುತ್ತಾರೆ.