ಮಹಾಮಾರಿಯ ಪೆಟ್ಟನ್ನು ಸರ್ಕಾರಿ ಲೆಕ್ಕದಲ್ಲಿ ಓದುವ ಬಗೆ

ಕೊರೋನಾ ರೋಗದ ತಡೆಗಾಗಿ 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗಿದ್ದ ಯಾದಗಿರಿ, ಶಹಾಪುರ, ಸುರಪುರ ಕಡೆಯ ಕೂಲಿಕಾರರು ಕೆಲಸ ಕಳೆದುಕೊಂಡು ಊರಿಗೆ ಮರಳಿದರು. ಆ ವರ್ಷದ ಏಪ್ರಿಲ್-ಜೂನ್ ಅವಧಿಯ ರಾಷ್ಟ್ರೀಯ ಉತ್ಪನ್ನದ ಮೊದಲ ಅಂದಾಜು ಆಗಸ್ಟ್ 31ರಂದು ಪ್ರಕಟವಾಯಿತು. ದೇಶದ ಉತ್ಪನ್ನ ಶೇ. 23.9ರಷ್ಟು ಕುಸಿದಿದ್ದರೂ ಕೃಷಿ ಶೇ. 3.4ರಷ್ಟು ಬೆಳೆದಿತ್ತು. ಹಾಗಾದರೆ ಹಳ್ಳಿಗೆ ಪೆಟ್ಟು ಬೀಳಲಿಲ್ಲವೆ? ಅದೇ ಅಂದಾಜಿನಲ್ಲಿ ಕಟ್ಟಡ ನಿರ್ಮಾಣ ಶೇ. 50.3ರಷ್ಟು ಕುಸಿದಿತ್ತು. ಗುಳೆ ಹೋಗುವ ಮನೆಗಳಿಗೆ ಕೂಲಿ ಹಣ ಬರುವುದು ಬಹುಮಟ್ಟಿಗೆ ಇಂಥ ಕೆಲಸದಿಂದಲೇ. ಆದುದರಿಂದ ಒಂದೇ ಅಂಕಿಯನ್ನು ನಂಬದೆ ಹಲವು ಲೆಕ್ಕಗಳನ್ನು ಕೂಡಿಸಿ ಓದಬೇಕು.

1. ಮಾರುಕಟ್ಟೆಯ ಲೆಕ್ಕ

ಕೃಷಿ ಉತ್ಪನ್ನ ಮಾರುಕಟ್ಟೆಗಳ ಆವಕ ಹಾಗೂ ಕನಿಷ್ಠ, ಗರಿಷ್ಠ, ಮಾದರಿ ಧಾರಣೆಗಳು ಅಗ್ಮಾರ್ಕ್‌ನೆಟ್ ಜಾಲತಾಣದಲ್ಲಿ ದೊರೆಯುತ್ತವೆ. ಆವಕ ಮತ್ತು ಧಾರಣೆಯನ್ನು ಜೊತೆಯಾಗಿ ನೋಡತಕ್ಕದ್ದು. ಆವಕ ಇಳಿದು ಧಾರಣೆ ಏರಿದ್ದರೆ ಮಾಲು ಮಾರುಕಟ್ಟೆಗೆ ತಲುಪುತ್ತಿಲ್ಲವೆಂದು ಶಂಕಿಸಬಹುದು. ಆವಕ ಇದ್ದಷ್ಟೇ ಇದ್ದು ಧಾರಣೆ ಇಳಿದಿದ್ದರೆ ಕೊಳ್ಳುವವರು ಕಡಿಮೆಯಾಗಿರಬಹುದು. ಎರಡೂ ಇಳಿದಿದ್ದರೆ ಸಾಗಣೆ, ಖರೀದಿ ಎರಡಕ್ಕೂ ಪೆಟ್ಟು ಬಿದ್ದಿರುವ ಸಂಭವವಿದೆ. ಆದರೆ 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಪ್ರಾಂಗಣದ ಹೊರಗಿನ ಮಾರಾಟಕ್ಕೂ ಅವಕಾಶ ಕೊಟ್ಟಿತೆಂಬುದನ್ನು ಮರೆಯಬಾರದು. ಆ ನಂತರದ ಆವಕದ ಇಳಿತವೆಲ್ಲ ರೋಗದಿಂದಲೇ ಆದುದಲ್ಲ.

2. ಉದ್ಯೋಗ ಖಾತರಿಯ ಲೆಕ್ಕ

ಗುಳೆಯಿಂದ ಮರಳಿದವರ ಕಷ್ಟ ಮೊದಲು ಕಾಣಿಸಿಕೊಂಡುದು ಈ ಲೆಕ್ಕದಲ್ಲಿ. ದೇಶದಲ್ಲಿ 2019-20ರಲ್ಲಿ ಸುಮಾರು 265 ಕೋಟಿ ಇದ್ದ ಮಾನವ ದಿನಗಳು 2020-21ರಲ್ಲಿ ಸುಮಾರು 389 ಕೋಟಿಗೆ ಏರಿದವು. ಗ್ರಾಮ ಪಂಚಾಯಿತಿವಾರು ಲೆಕ್ಕದಲ್ಲಿ ಮೂರು ಅಂಶಗಳನ್ನು ಬೇರೆಬೇರೆ ನೋಡಬೇಕು: ಹೊಸ ಜಾಬ್ ಕಾರ್ಡ್‌ಗಳು, ಕೆಲಸ ಕೇಳಿದ ಕುಟುಂಬಗಳು, ಕೆಲಸ ದೊರೆತ ಕುಟುಂಬಗಳು. ಕೇಳಿದವರಿಗೂ ದೊರೆತವರಿಗೂ ಇರುವ ಅಂತರವೇ ಕೊರತೆ. ಕೆಲಸಕ್ಕೆ ಬಾಯಿಮಾತಿನಲ್ಲಿ ಕೇಳಿ ಅರ್ಜಿ ಕೊಡದವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

3. ಸಮೀಕ್ಷೆಗಳ ಮಿತಿ

2020ರ ಏಪ್ರಿಲ್-ಜೂನ್‌ನಲ್ಲಿ 15 ವರ್ಷ ಮೇಲ್ಪಟ್ಟವರ ನಿರುದ್ಯೋಗ ಶೇ. 20.8 ಎಂದು ಕೇಂದ್ರದ ಶ್ರಮಶಕ್ತಿ ಸಮೀಕ್ಷೆ ತಿಳಿಸಿತು. ಆದರೆ ಆ ತ್ರೈಮಾಸಿಕ ವರದಿ ಪಟ್ಟಣಗಳದ್ದು ಮಾತ್ರ. ಬೆಲೆ ಸಂಗ್ರಹಿಸುವವರು ಊರೂರಿಗೆ ಹೋಗುವುದನ್ನೂ 2020ರ ಮಾರ್ಚ್ 19ರಿಂದ ನಿಲ್ಲಿಸಲಾಗಿತ್ತು. ಹೀಗಾಗಿ ಏಪ್ರಿಲ್, ಮೇ ತಿಂಗಳುಗಳ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಅಂದಾಜಿನ ಭಾಗವೂ ಸೇರಿದೆ. ಜಿಲ್ಲೆಯ ವಾರ್ಷಿಕ ಅಂಕಿ-ಅಂಶಗಳಿಗಾಗಿ ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.

ಹೋಲಿಸುವ ಕ್ರಮ

ತಿಂಗಳನ್ನು ಹಿಂದಿನ ತಿಂಗಳಿಗೆ ಹೋಲಿಸಬೇಡಿ. ಹಿಂದಿನ ವರ್ಷಗಳ ಅದೇ ತಿಂಗಳಿಗೆ ಹೋಲಿಸಿರಿ. ಹತ್ತಿಯ ಆವಕ ಜನವರಿಗಿಂತ ಏಪ್ರಿಲ್‌ನಲ್ಲಿ ಕಡಿಮೆಯಾಗುವುದು ಹಂಗಾಮಿನ ಗುಣ. ಬೇಸಿಗೆಯಲ್ಲಿ ಕೂಲಿಯ ಬೇಡಿಕೆ ಹೆಚ್ಚುವುದೂ ಹಾಗೆಯೇ. ಸಾಧ್ಯವಿದ್ದರೆ 2017ರಿಂದ 2019ರವರೆಗಿನ ಮೂರು ವರ್ಷಗಳ ಸರಾಸರಿಯನ್ನು ತೆಗೆದುಕೊಳ್ಳಿ. ಮಳೆ ಕೆಟ್ಟ ವರ್ಷವಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಿ. ನಾರಾಯಣಪುರ ಕಾಲುವೆಯ ನೀರುಣ್ಣುವ ಗ್ರಾಮವನ್ನೂ ಮಳೆಯನ್ನೇ ನಂಬಿದ ಗ್ರಾಮವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು. ಸರಾಸರಿಯೊಳಗೆ ಬಡ ಗ್ರಾಮದ ಕಷ್ಟ ಮುಚ್ಚಿಹೋಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಒಂದು ಹಾಳೆಯಲ್ಲಿ ಗ್ರಾಮದ ಆವಕ, ಧಾರಣೆ, ಕೆಲಸದ ಬೇಡಿಕೆ, ದೊರೆತ ಕೆಲಸ ಇವುಗಳನ್ನು ತಿಂಗಳುವಾರು ಬರೆದಿಟ್ಟು ಗ್ರಾಮಸಭೆಯಲ್ಲಿ ಓದಿ ಹೇಳುವುದು ಒಳ್ಳೆಯದು. ರೈತರೂ ಮಾರಾಟದ ಪಟ್ಟಿ, ಅರ್ಜಿಯ ಸ್ವೀಕೃತಿ ಇವುಗಳನ್ನು ಜೋಪಾನ ಮಾಡಲಿ. ಮುಂದೆ ಇಂಥ ಸಂಕಟ ಬಂದಾಗ ಪರಿಹಾರ ಹಂಚುವವರು ನೋಡುವುದು ದಾಖಲೆಯನ್ನೇ. ದಾಖಲೆಯಲ್ಲಿಲ್ಲದ ನಷ್ಟ ಸರ್ಕಾರದ ಕಣ್ಣಿಗೆ ಬೀಳುವುದು ಕಷ್ಟ.