"ನನ್ನನ್ನು ಕಳಿಸಿಬಿಡಿ" ಎಂದಾಗ

ಮನೆಭೇಟಿಗೆ ಹೋದಾಗ ಹಾಸಿಗೆ ಹಿಡಿದವರು "ಸಾಕು ಸಿಸ್ಟರ್, ನನ್ನನ್ನು ಕಳಿಸಿಬಿಡಿ" ಅನ್ನುವುದನ್ನು ನಾವು ಕೇಳುತ್ತೇವೆ. ಈ ಮಾತಿನ ಹಿಂದೆ ಹೆಚ್ಚಾಗಿ ಇರೋದು ತಡೆಯಲಾರದ ನೋವು, ಮಕ್ಕಳಿಗೆ ಹೊರೆಯಾದೆ ಎಂಬ ಸಂಕಟ, ಆಸ್ಪತ್ರೆ ಸಾಲದ ಭಯ.

ವೈದ್ಯರ ಕಷ್ಟವೇ ಬೇರೆ. ಸಾಯಲೆಂದು ಇಂಜೆಕ್ಷನ್ ಕೊಡುವುದು ನಮ್ಮ ದೇಶದಲ್ಲಿ ಅಪರಾಧ. ಫಲವಿಲ್ಲದ ಯಂತ್ರ ತೆಗೆಯಲೂ 'ಕೇಸು ಬಿದ್ದರೆ?' ಎಂಬ ಅಳುಕು.

ಹೊನ್ನಾವರ ತಾಲೂಕು ಹಳದೀಪುರದ ನರ್ಸ್ ಅರುಣಾ ಶಾನಭಾಗ 1973ರಲ್ಲಿ ಮುಂಬೈಯಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲೇ ಇದ್ದರು. ಅವರ ಆಹಾರ ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಕೋರಿದರು. ಆರೈಕೆ ಮಾಡುತ್ತಿದ್ದ ಆಸ್ಪತ್ರೆಯವರು ಒಪ್ಪಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೋರಿಕೆ ತಳ್ಳಿಹಾಕಿತು. ಆದರೆ ಚೇತರಿಕೆಯ ಆಸೆಯಿಲ್ಲದವರ ಜೀವಾಧಾರ ಚಿಕಿತ್ಸೆ ನಿಲ್ಲಿಸಲು ಕಾನೂನಿನ ದಾರಿ ತೆರೆಯಿತು.

2018ರ ತೀರ್ಪು 'ಲಿವಿಂಗ್ ವಿಲ್'ಗೆ ಮಾನ್ಯತೆ ಕೊಟ್ಟಿತು. 2023ರಿಂದ ನಿಯಮ ಸುಲಭವಾಗಿದೆ: ಇಬ್ಬರು ಸಾಕ್ಷಿಗಳ ಮುಂದೆ ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಚಿಕಿತ್ಸೆ ನಿಲ್ಲಿಸಬೇಕಾದರೆ ಮೂವರು ವೈದ್ಯರಿರುವ ಎರಡು ಮಂಡಳಿಗಳು ಒಪ್ಪಬೇಕು. ಇದರ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಧರ್ಮಸಭೆಯ ಬೋಧನೆ ಹೀಗಿದೆ: ಸಾವನ್ನು ತರಿಸಬಾರದು, ಫಲವಿಲ್ಲದ, ಅತಿ ಭಾರವಾದ ಚಿಕಿತ್ಸೆಯನ್ನು ಬಿಡಬಹುದು, ಸಾಮಾನ್ಯ ಆರೈಕೆಯನ್ನು ಮಾತ್ರ ಬಿಡಬಾರದು.

ಆದ್ದರಿಂದ ರೋಗಿ 'ಸಾಕು' ಅಂದಾಗ ಬೈದು ಬಾಯಿ ಮುಚ್ಚಿಸೋದು ಬೇಡ. ಎಲ್ಲಿ ನೋವು, ಯಾವುದಕ್ಕೆ ಹೆದರಿಕೆ ಎಂದು ಕೇಳೋಣ. ನೋವು ಶಮನದ ಚಿಕಿತ್ಸೆ ಬಗ್ಗೆ ವೈದ್ಯರನ್ನು ವಿಚಾರಿಸೋಣ.

ಸಂಘದ ಸಭೆಯಲ್ಲಿ ಚರ್ಚಿಸಿ:
1. ನಮ್ಮೂರಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ? ಅವರನ್ನು ನೋಡಿಕೊಳ್ಳುವವರಿಗೆ ವಿಶ್ರಾಂತಿ ಇದೆಯೇ?
2. ನಮ್ಮ ಕೊನೆಗಾಲದ ಇಚ್ಛೆಯನ್ನು ಮನೆಯವರಿಗೆ ಹೇಳಿದ್ದೇವೆಯೇ?